ನೊಣಕ್ಕೂ ಒಂದು ಚಾಕಿ ಮನೆ

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಚನ್ನರಾಯಪಟ್ಟಣದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಾತಿಗೆಳೆದರು. ಯಾವೂರು, ಯಾರ ಮಗ, ಎಲ್ಲ ಆಯಿತು. ಕೊನೆಗೆ "ಏನ್ ಕೆಲಸ ಮಾಡ್ತಿದ್ರಿ?" ಅಂದರು. "ನೊಣ ಸಾಕ್ತಿದ್ದೆ" ಅಂದೆ. ಅವರು ಜೇನುನೊಣ ಅಂದುಕೊಂಡು, ಸಕಲೇಶಪುರದ ಕಡೆ ತುಪ್ಪ ಕೆ.ಜಿ.ಗೆ ಎಷ್ಟು ನಡೀತಿದೆ ಅಂತ ವಿಚಾರಿಸಿದರು.

ಜೇನಲ್ಲ. ಮರಳುನೊಣ. ಕಾಲಾ ಅಜಾರ್ ಅನ್ನುವ ಕೆಟ್ಟ ಜ್ವರವನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ನೊಣ. ಬಿಹಾರದ ಕಡೆ ಒಂದು ಪ್ರಯೋಗಾಲಯದಲ್ಲಿ ಅದನ್ನು ವರ್ಷಗಟ್ಟಲೆ ಸಾಕಿ, ಈಗ ನಿವೃತ್ತನಾಗಿ ಊರು ಸೇರಿದ್ದೇನೆ.

ಕೆಲಸ ಸಿಕ್ಕ ಹೊಸದರಲ್ಲಿ ಅವ್ವನಿಗೆ ಫೋನ್ ಮಾಡಿ ಹೇಳಿದ್ದೆ. ಆಗ ನಮ್ಮ ಮನೆಯಲ್ಲಿ ರೇಷ್ಮೆ ಇತ್ತು. ಅವ್ವ ಒಂದು ಗಳಿಗೆ ಸುಮ್ಮನಿದ್ದು, "ಅಯ್ಯೋ ಮಗ, ನಾವಿಲ್ಲಿ ಊಜಿ ನೊಣ ಓಡ್ಸೋಕೆ ಕಿಟಕಿಗೆಲ್ಲ ಬಲೆ ಕಟ್ಕಂಡು ಸಾಯ್ತಿದ್ದೀವಿ, ನೀನು ಅಷ್ಟು ದೂರ ಹೋಗಿ ನೊಣ ಸಾಕ್ತೀಯಾ?" ಅಂದಳು. ಅವಳ ಸಿಟ್ಟಿಗೆ ಕಾರಣ ಇತ್ತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟು, ಮರಿ ಒಳಗಿಂದಲೇ ಹುಳವನ್ನು ತಿಂದು ಹಾಕುವುದನ್ನು ಕಂಡವರಿಗೆ ನೊಣ ಅಂದರೆ ಮೈ ಉರಿಯುತ್ತದೆ.

ಆದರೆ ತಮಾಷೆ ನೋಡಿ. ಆ ಕೆಲಸದಲ್ಲಿ ನನ್ನನ್ನು ಕಾಪಾಡಿದ್ದು ನಾನು ಓದಿದ ಓದಲ್ಲ, ಅವ್ವನ ರೇಷ್ಮೆ ಮನೆ.

ಮೊದಲು ನೊಣ ಹೇಗಿರುತ್ತದೆ ಅಂತ ಹೇಳಿಬಿಡುತ್ತೇನೆ. ಎರಡು ಮೂರು ಮಿಲಿಮೀಟರ್ ಉದ್ದ, ಸೊಳ್ಳೆಯ ಮೂರನೇ ಒಂದು ಪಾಲು. ಮೈತುಂಬ ಕೂದಲು. ಕೂತಾಗ ರೆಕ್ಕೆ ಮಡಚುವುದಿಲ್ಲ, ಕೈ ಮುಗಿಯೋಕೆ ಹೊರಟು ಅರ್ಧಕ್ಕೆ ನಿಲ್ಲಿಸಿದ ಹಾಗೆ ಮೇಲೆತ್ತಿ ಹಿಡಿದಿರುತ್ತದೆ. ಸೊಳ್ಳೆಯ ಹಾಗೆ ಗುಂಯ್ ಅನ್ನುವುದಿಲ್ಲ. ದೂರ ಹಾರುವ ಶಕ್ತಿಯೂ ಇಲ್ಲ, ಗೋಡೆ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತದೆ. ಮೈ ಮರಳಿನ ಬಣ್ಣ, ಹೆಸರಿನಲ್ಲಿ ಮರಳು ಬಂದಿದ್ದು ಅದಕ್ಕೆ. ಹೊಳೆ ದಂಡೆಯ ಮರಳಲ್ಲಿ ಹುಡುಕಿದರೆ ಸಿಗುವುದಿಲ್ಲ. ನಮ್ಮ ದೇಶದಲ್ಲಿ ಕಾಲಾ ಅಜಾರ್ ಹರಡುವ ಜಾತಿಯ ಹೆಸರು ಫ್ಲೆಬೋಟೋಮಸ್ ಅರ್ಜೆಂಟಿಪೆಸ್. ಅರ್ಜೆಂಟಿಪೆಸ್ ಅಂದರೆ ಬೆಳ್ಳಿ ಕಾಲಿನದು. ಟಾರ್ಚ್ ಬೆಳಕು ಬಿಟ್ಟರೆ ಕಾಲು ನಿಜಕ್ಕೂ ಬೆಳ್ಳಗೆ ಮಿನುಗುತ್ತದೆ. ಹೆಸರಿಟ್ಟವರು ಒಳ್ಳೆ ರಸಿಕರೇ ಇರಬೇಕು.

ಕಚ್ಚುವುದು ಹೆಣ್ಣು ಮಾತ್ರ. ಸೊಳ್ಳೆ ಸೂಜಿ ಚುಚ್ಚಿದ ಹಾಗೆ ರಕ್ತನಾಳಕ್ಕೇ ಬಾಯಿ ಹಾಕುತ್ತದೆ. ಇದು ಹಾಗಲ್ಲ, ಗರಗಸ ಆಡಿಸಿದ ಹಾಗೆ ಚರ್ಮ ಕೊಯ್ದು, ಅಲ್ಲಿ ತುಂಬಿಕೊಳ್ಳುವ ರಕ್ತವನ್ನು ಹೀರುತ್ತದೆ. ಅದಕ್ಕೇ ಅಷ್ಟು ಚುರುಕ್ ಅನ್ನೋದು.

ಸರಿ, ಇಂಥದ್ದನ್ನು ಯಾಕೆ ಸಾಕಬೇಕು? ಹೊರಗೆ ಹಿಡಿದು ತಂದ ನೊಣದ ಜಾತಕ ನಮಗೆ ಗೊತ್ತಿರುವುದಿಲ್ಲ. ಅದರ ವಯಸ್ಸೆಷ್ಟು, ಯಾರನ್ನು ಕಚ್ಚಿ ಬಂದಿದೆ, ಹೊಟ್ಟೆಯಲ್ಲಿ ಏನಿದೆ, ಒಂದೂ ತಿಳಿಯದು. ಔಷಧಿ ಹೊಡೆದ ಗೋಡೆ ಮೇಲೆ ಅದು ಸತ್ತರೆ ಔಷಧಿಯಿಂದ ಸತ್ತಿತೋ ಮುಪ್ಪಿಂದ ಸತ್ತಿತೋ ಹೇಳೋದು ಹೇಗೆ? ಮನೆಯಲ್ಲೇ ಹುಟ್ಟಿದ ನೊಣಕ್ಕೆ ಆ ತಕರಾರಿಲ್ಲ. ಕಾಲಾ ಅಜಾರ್ ತರುವ ಲೀಶ್ಮೇನಿಯಾ ಅನ್ನುವ ಪರಾವಲಂಬಿ ಜೀವಿ ತಾಯಿ ನೊಣದಿಂದ ಮೊಟ್ಟೆಗೆ ಇಳಿಯುವುದಿಲ್ಲ. ಹಾಗಾಗಿ ನಾವು ಸಾಕಿದ ನೊಣ ಹುಟ್ಟುತ್ತಾ ಚೊಕ್ಕ. ರೋಗದ ಪ್ರಯೋಗ ಬೇಕಾದಾಗ ಬೇರೆ ಕೋಣೆ, ಬೇರೆ ಬಾಗಿಲು, ಬೇರೆ ಕಟ್ಟುಪಾಡು.

ಈಗ ಸಾಕಣೆಗೆ ಬರೋಣ. ಮೊದಲ ಬೀಜಕ್ಕೆ ಹಳ್ಳಿಯ ದನದ ಕೊಟ್ಟಿಗೆಗೇ ಹೋಗಬೇಕು. ಬೆಳಗಿನ ಜಾವ, ಒಂದು ಕೈಯಲ್ಲಿ ಟಾರ್ಚು, ಬಾಯಲ್ಲಿ ಒಂದು ಕೊಳವೆ. ಮಣ್ಣಿನ ಗೋಡೆಯ ಬಿರುಕಿನಲ್ಲಿ ಕೂತ ನೊಣದ ಹತ್ತಿರ ಕೊಳವೆ ಹಿಡಿದು ಮೆತ್ತಗೆ ಉಸಿರು ಎಳೆದರೆ ನೊಣ ಒಳಗೆ. ನಡುವೆ ಸಣ್ಣ ಬಲೆ ಇರುತ್ತದೆ, ಹೆದರಬೇಡಿ, ಹೊಟ್ಟೆಗೆ ಹೋಗುವುದಿಲ್ಲ. ಕೊಟ್ಟಿಗೆಯ ಧೂಳು ಮಾತ್ರ ಅಷ್ಟಿಷ್ಟು ಹೋಗುತ್ತದೆ. ರಕ್ತ ಕುಡಿದ ಒಂದೊಂದು ಹೆಣ್ಣನ್ನೂ ಒಂದೊಂದು ಶೀಶೆಯಲ್ಲಿಟ್ಟು, ಅದು ಮೊಟ್ಟೆಯಿಟ್ಟು ಸತ್ತ ಮೇಲೆ ಸೂಕ್ಷ್ಮದರ್ಶಕದ ಕೆಳಗೆ ಕೊಯ್ದು ನೋಡಿ, ಇದು ನಮಗೆ ಬೇಕಾದ ಜಾತಿಯೇ ಅಂತ ಖಾತ್ರಿಯಾದರೆ ಮಾತ್ರ ಅದರ ಮೊಟ್ಟೆ ಉಳಿಸಿಕೊಳ್ಳುವುದು.

ಸೊಳ್ಳೆಗಾದರೆ ಒಂದು ತಟ್ಟೆ ನೀರು ಸಾಕು. ಮರಳುನೊಣ ನೀರಿನಲ್ಲಿ ಹುಟ್ಟುವುದಿಲ್ಲ, ಮಣ್ಣಿನಲ್ಲಿ ಹುಟ್ಟುತ್ತದೆ. ಕತ್ತಲೆ ಬೇಕು, ತೇವ ಬೇಕು, ಕೊಳೆತ ಸಗಣಿ ಸೊಪ್ಪು ಬೇಕು. ಅಂದರೆ ಕೊಟ್ಟಿಗೆಯ ಮೂಲೆ. ಆ ಮೂಲೆಯನ್ನು ಅಂಗೈಯಗಲದ ಡಬ್ಬಿಯೊಳಗೆ ಮಾಡಿಕೊಡಬೇಕು. ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ತೂತು ಕೊರೆದು, ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಕಲಸಿ ಹುಯ್ಯುತ್ತೇವೆ. ಗಣಪತಿ ಮಾಡುವ ಅದೇ ಬಿಳಿ ಪುಡಿ. ಗಟ್ಟಿಯಾದ ಮೇಲೆ ಡಬ್ಬಿಯನ್ನು ಒದ್ದೆ ಮರಳಿನ ಮೇಲಿಟ್ಟರೆ ಪ್ಲಾಸ್ಟರ್ ಕೆಳಗಿಂದ ನೀರು ಹೀರಿಕೊಂಡು ಸದಾ ತಣ್ಣಗಿರುತ್ತದೆ. ಬೆರಳಿಟ್ಟರೆ ತಂಪು ತಾಗಬೇಕು, ಬೆರಳು ಒದ್ದೆಯಾಗಬಾರದು. ಇದನ್ನು ಯಾವ ಮೀಟರೂ ಹೇಳಿಕೊಡುವುದಿಲ್ಲ, ಕೈಗೇ ಗೊತ್ತಾಗಬೇಕು.

ಊಟ? ಮೊಲದ ಹಿಕ್ಕೆ. ನಗಬೇಡಿ. ಮೊಲದ ಹಿಕ್ಕೆ ಮತ್ತು ಮೊಲ ತಿನ್ನುವ ಮೇವನ್ನು ಸಮಸಮ ಬೆರೆಸಿ, ನೀರು ಚಿಮುಕಿಸಿ, ವಾರಗಟ್ಟಲೆ ಕೊಳೆಸಿ, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯಬೇಕು. ಒಳ್ಳೆ ಕಾಫಿಪುಡಿಯ ಹಾಗೆ ಕಾಣುತ್ತದೆ. ಚಿಕ್ಕಮಗಳೂರಿನ ಗೆಳೆಯನೊಬ್ಬ ನಮ್ಮ ಲ್ಯಾಬಿಗೆ ಬಂದಾಗ ಡಬ್ಬಿ ತೆಗೆದು ಮೂಸಿಯೇಬಿಟ್ಟ. ಅವನಿಗೆ ಅಷ್ಟು ಹೊತ್ತಿಗೆ ನಾನು ಹೇಳಬೇಕಿತ್ತು, ಹೇಳಲಿಲ್ಲ.

ಒಂದು ಹೆಣ್ಣು ಒಂದು ಸಲಕ್ಕೆ ಐವತ್ತರ ಆಸುಪಾಸು ಮೊಟ್ಟೆ ಇಡುತ್ತದೆ. ಗಸಗಸೆಗಿಂತ ಸಣ್ಣವು. ಇಟ್ಟಾಗ ಬೆಳ್ಳಗಿದ್ದು ಆಮೇಲೆ ಕಪ್ಪಾಗುತ್ತವೆ. ಒಂದು ವಾರಕ್ಕೆ ಮರಿ. ಬಿಳಿಚು ಮೈ, ಕರಿ ತಲೆ, ಬಾಲದ ತುದಿಯಲ್ಲಿ ಎರಡು ಉದ್ದನೆ ಕರಿ ಕೂದಲು, ಆಂಟೆನಾ ಎತ್ತಿದ ಹಾಗೆ ನೆಟ್ಟಗೆ. ಒಂದು ಸಲ ಪೊರೆ ಬಿಟ್ಟ ಮೇಲೆ ಎರಡು ಹೋಗಿ ನಾಲ್ಕಾಗುತ್ತವೆ. ಪೊರೆ ಬಿಡುವುದನ್ನು ನಮ್ಮ ರೇಷ್ಮೆಯವರು ಜ್ವರ ಅನ್ನುತ್ತಾರಲ್ಲ, ರೇಷ್ಮೆ ಹುಳಕ್ಕೆ ನಾಲ್ಕು ಜ್ವರ, ಇದಕ್ಕೆ ಮೂರು. ಆಮೇಲೆ ಕೋಶ. ಗೂಡು ಕಟ್ಟುವುದಿಲ್ಲ, ಬಿಟ್ಟ ಪೊರೆಯನ್ನೇ ಬುಡಕ್ಕೆ ಅಂಟಿಸಿಕೊಂಡು ನೆಟ್ಟಗೆ ನಿಂತುಬಿಡುತ್ತದೆ. ಮೊಟ್ಟೆಯಿಂದ ನೊಣ ಆಗೋಕೆ ಐದಾರು ವಾರ ಬೇಕು. ಸೊಳ್ಳೆ ಹತ್ತು ದಿನದಲ್ಲಿ ಮುಗಿಸುವ ಕೆಲಸ ಇದು.

ಕೋಣೆಯ ಶಾಖ 26ರಿಂದ 28 ಡಿಗ್ರಿ, ತೇವಾಂಶ 80ರಿಂದ 90. ಕೆಲಸಕ್ಕೆ ಸೇರಿದ ದಿನ ಈ ಅಂಕಿ ಗೋಡೆ ಮೇಲೆ ಬರೆದಿದ್ದು ನೋಡಿ ನನಗೆ ನಗು ಬಂತು. ಚಾಕಿ ಮನೆಗೆ, ಅಂದರೆ ಎಳೆ ರೇಷ್ಮೆ ಹುಳ ಸಾಕುವ ಕೋಣೆಗೆ, ಹೆಚ್ಚುಕಮ್ಮಿ ಇದೇ ಲೆಕ್ಕ. ಅವ್ವ ಗೋಣಿ ತಾಟು ನೆನೆಸಿ ಕಟ್ಟುತ್ತಿದ್ದಳು, ನಮಗೆ ಮಿಷನ್ ಇತ್ತು. ಮಿಷನ್ ಕೈಕೊಟ್ಟ ದಿನ ನಾವೂ ಗೋಣಿ ತಾಟೇ ಕಟ್ಟಿದ್ದೇವೆ.

ಆದರೂ ಒಂದು ಸಲ ಎಡವಿದೆ. ದೀಪಾವಳಿಗೆ ನಾಲ್ಕು ದಿನ ರಜ ಸಿಕ್ಕಿತ್ತು. ನಾನಿಲ್ಲದಾಗ ಹಸಿದಾವು ಅಂತ ಡಬ್ಬಿಗಳಿಗೆಲ್ಲ ಒಂದೊಂದು ಚಿಟಿಕೆ ಜಾಸ್ತಿ ಪುಡಿ ಹಾಕಿ, ಮರಳಿಗೂ ಒಂದು ಲೋಟ ನೀರು ಹೆಚ್ಚಿಗೆ ಹುಯ್ದು ಹೋದೆ. ಬಂದು ನೋಡಿದರೆ ಡಬ್ಬಿ ತುಂಬ ಹತ್ತಿ ಹಿಂಜಿ ಇಟ್ಟ ಹಾಗೆ ಬೂಷ್ಟು. ಎಳೆ ಮರಿಗಳು ಅದರ ಎಳೆಗೆ ಸಿಕ್ಕಿಕೊಂಡು ಸತ್ತಿದ್ದವು. ಮೂರು ತಲೆಮಾರಿನ ಕೆಲಸ ನಾಲ್ಕು ದಿನಕ್ಕೆ ಹೋಯಿತು. ಬೇಜಾರಿನಲ್ಲಿ ಅವ್ವನಿಗೆ ಹೇಳಿದೆ. ಅವಳು ಕೇಳಿದ್ದು ಎರಡೇ ಮಾತು. "ಸೊಪ್ಪು ಜಾಸ್ತಿ ಹಾಕಿದ್ಯಾ? ಹಾಸಿಗೆ ಒದ್ದೆ ಇತ್ತಾ?" ಎರಡಕ್ಕೂ ಹೂಂ ಅಂದೆ. "ಹುಳ ಸಾಕೋರಿಗೆ ಯಾವ ಹಬ್ಬ ಮಗ?" ಅಂದು ಫೋನ್ ಇಟ್ಟಳು. ಮುಂದೆ ನಾನು ದೀಪಾವಳಿಗೆ ಊರಿಗೆ ಬಂದಿದ್ದು ನಿವೃತ್ತಿಯಾದ ಮೇಲೇ.

ಬೆಳೆದ ನೊಣಗಳದು ಇನ್ನೊಂದು ಗೋಳು. ಮಾಮೂಲಿ ಸೊಳ್ಳೆ ಪರದೆಯ ಕಣ್ಣಿನಲ್ಲಿ ತೂರಿ ಹೋಗುತ್ತವೆ, ಅದಕ್ಕೇ ತೀರ ಸಣ್ಣ ಕಣ್ಣಿನ ಬಲೆ ಬೇಕು. ಊಟಕ್ಕೆ ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ. ಮೊಟ್ಟೆ ಕಟ್ಟಬೇಕಾದರೆ ಹೆಣ್ಣಿಗೆ ರಕ್ತ ಬೇಕೇ ಬೇಕು. ಪ್ರಜ್ಞೆ ತಪ್ಪಿಸಿದ ಪ್ರಾಣಿಯನ್ನು ಕತ್ತಲಲ್ಲಿ ಬಲೆಯೊಳಗೆ ಇಡುವುದುಂಟು. ಇಲ್ಲ ಅಂದರೆ ಗಾಜಿನ ಬಟ್ಟಲಿಗೆ ಕೋಳಿಮರಿಯ ಚರ್ಮ ಬಿಗಿದು, ಒಳಗೆ ರಕ್ತ ಹಾಕಿ, ಸುತ್ತ 37 ಡಿಗ್ರಿಯ ಬಿಸಿನೀರು ಹರಿಸಿ ಅದಕ್ಕೆ ಮೋಸ ಮಾಡುವುದು. ಎಷ್ಟೋ ಹೆಣ್ಣುಗಳು ಮೋಸ ಹೋಗುವುದಿಲ್ಲ. ಮೋಸ ಹೋದವು ಮೊಟ್ಟೆ ಇಟ್ಟ ಜಾಗದಲ್ಲೇ ಸಾಯುವುದು ಜಾಸ್ತಿ.

ಈ ಸಾಯುವ ವಿಷಯಕ್ಕೇ ಒಂದು ಕಥೆ ಇದೆ. ಕಾಲಾ ಅಜಾರ್ ತರುವ ಜೀವಿಯನ್ನು ಲೀಶ್ಮನ್ ಮತ್ತು ಡೊನೊವನ್ ಗುರುತಿಸಿ ಪ್ರಕಟಿಸಿದ್ದು 1903ರಲ್ಲಿ. ಡೊನೊವನ್ ಕೆಲಸ ಮಾಡುತ್ತಿದ್ದದ್ದು ಇಲ್ಲೇ ಮದರಾಸಿನಲ್ಲಿ. 1924ರ ಹೊತ್ತಿಗೆ ಮರಳುನೊಣದ ಮೇಲೆ ಗುಮಾನಿ ಬಂತು, ರೋಗಿಯನ್ನು ಕಚ್ಚಿದ ನೊಣದ ಹೊಟ್ಟೆಯಲ್ಲಿ ಆ ಜೀವಿ ಬೆಳೆಯುವುದೂ ಕಂಡಿತು. ಆದರೆ ನೊಣ ಕಚ್ಚಿ ಮನುಷ್ಯರಿಗೆ ರೋಗ ಹತ್ತಿಸುವುದನ್ನು ತೋರಿಸೋಕೆ ಇನ್ನೂ 18 ವರ್ಷ ಹಿಡಿಯಿತು. ಎಲ್ಲಿ ತಪ್ಪುತ್ತಿತ್ತು ಗೊತ್ತಾ? ಊಟದಲ್ಲಿ. ರಕ್ತದ ಮೇಲೆ ರಕ್ತ ಕೊಟ್ಟು ಸಾಕುತ್ತಿದ್ದರು. ಸ್ಮಿತ್ ಮತ್ತು ಜೊತೆಯವರು ರಕ್ತ ಕುಡಿದ ನೊಣಕ್ಕೆ ಆಮೇಲೆ ಒಣದ್ರಾಕ್ಷಿ ಕೊಟ್ಟು ನೋಡಿದರು. ನೊಣ ಹೆಚ್ಚು ದಿನ ಬದುಕಿತು, ಅದರ ಗಂಟಲು ಕಟ್ಟಿಕೊಳ್ಳುವಷ್ಟು ಲೀಶ್ಮೇನಿಯಾ ಬೆಳೆಯಿತು. ಗಂಟಲು ಕಟ್ಟಿದ ನೊಣಕ್ಕೆ ಸಲೀಸಾಗಿ ಹೀರೋಕೆ ಆಗುವುದಿಲ್ಲ, ಮತ್ತೆ ಮತ್ತೆ ಕಚ್ಚುತ್ತದೆ, ಕಚ್ಚಿದಾಗ ಒಳಗಿದ್ದದ್ದನ್ನು ಕಕ್ಕುತ್ತದೆ. ಅದೇ ದಾರಿ ಹಿಡಿದು 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬ ಮೂವರು ಅಸ್ಸಾಮಿನಲ್ಲಿ, ತಾವಾಗಿ ಒಪ್ಪಿ ಬಂದವರಿಗೆ ನೊಣದಿಂದ ಕಚ್ಚಿಸಿ ರುಜುವಾತು ಮಾಡಿದರು. ಇವತ್ತು ಅಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು, ಕೊಡಲೂಬಾರದು. ಆದರೆ ಪಾಯಸಕ್ಕೆ ಹಾಕುವ ದ್ರಾಕ್ಷಿ ಇಂಥ ಗಂಟು ಬಿಡಿಸಿತು ಅನ್ನೋದು ನನಗೆ ಈಗಲೂ ಸೋಜಿಗ.

ಇದೆಲ್ಲ ಹಳೇ ಕಾಲದ್ದು ಅನ್ನಬೇಡಿ. ಈ ರೋಗದ ಜ್ವರ ವಾಸಿಯಾಗಿ ತಿಂಗಳು ವರ್ಷ ಕಳೆದ ಮೇಲೆ ಕೆಲವರ ಚರ್ಮದಲ್ಲಿ ಬಿಳಿಚು ಮಚ್ಚೆ, ಗಂಟು ಏಳುತ್ತವೆ. ನೋವಿಲ್ಲ, ಕೆಲಸಕ್ಕೆ ತೊಂದರೆಯಿಲ್ಲ, ಹಾಗಾಗಿ ಆಸ್ಪತ್ರೆಗೆ ಯಾರೂ ಹೋಗುವುದಿಲ್ಲ. ಅವರಿಂದ ರೋಗ ಹರಡುತ್ತದಾ? ಮೈಯಲ್ಲಿ ಸೋಂಕಿದ್ದೂ ಏನೂ ಲಕ್ಷಣ ಇಲ್ಲದವರಿಂದ? ಬಿಹಾರದ ಮುಜಫ್ಫರ್‌ಪುರದ ಕಡೆ ಸಾಕಿದ ಚೊಕ್ಕ ನೊಣಗಳನ್ನು ಇಂಥವರ ಮೇಲೆ ಕೂರಿಸಿ, ಆಮೇಲೆ ಆ ನೊಣಗಳನ್ನು ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಜ್ವರದ ರೋಗಿಗಳಿಂದಲೂ ಚರ್ಮದ ಮಚ್ಚೆಯವರಿಂದಲೂ ನೊಣಕ್ಕೆ ಸೋಂಕು ಹತ್ತಿತು. ಲಕ್ಷಣ ಇಲ್ಲದವರಿಂದ ಹತ್ತಲಿಲ್ಲ. ಬಾಂಗ್ಲಾದೇಶ 2023ರಲ್ಲಿ ಈ ರೋಗವನ್ನು ಹತೋಟಿಗೆ ತಂದು ವಿಶ್ವ ಆರೋಗ್ಯ ಸಂಸ್ಥೆಯ ಮುದ್ರೆ ಪಡೆಯಿತು. ನಮ್ಮಲ್ಲೂ ಗುರಿ 10,000 ಜನಕ್ಕೆ ವರ್ಷಕ್ಕೆ ಒಂದು ಪ್ರಕರಣಕ್ಕಿಂತ ಕಡಿಮೆ ಇರುವಂತೆ ನೋಡಿಕೊಳ್ಳುವುದು. ಕೊನೆಯ ಕೆಲವೇ ರೋಗಿಗಳು ಉಳಿದಾಗ ಯಾರ ಮನೆ ಬಾಗಿಲು ಮೊದಲು ತಟ್ಟಬೇಕು ಅನ್ನೋದು ಇಂಥ ಲೆಕ್ಕದಿಂದಲೇ ತಿಳಿಯುವುದು.

ನಮ್ಮ ಕಡೆ ಈ ನೊಣ ಇದೆಯಾ ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ದಕ್ಷಿಣ ಭಾರತದಲ್ಲೂ ಮರಳುನೊಣ ಇದೆ. ಆದರೆ ಕಾಲಾ ಅಜಾರ್ ಬೇರೂರಿರುವುದು ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳ, ಉತ್ತರ ಪ್ರದೇಶದ ಜಿಲ್ಲೆಗಳಲ್ಲಿ. ನಮ್ಮ ಮಲೆನಾಡಿನ ಮಂಗನ ಕಾಯಿಲೆಯೇ ಬೇರೆ, ಅದು ಉಣುಗಿನಿಂದ ಬರುವುದು. ಎರಡನ್ನೂ ಒಂದೇ ಮಾಡಿಕೊಂಡು ಹೆದರಬೇಡಿ.

ಈಗ ಮನೆಯಲ್ಲಿ ರೇಷ್ಮೆ ಇಲ್ಲ. ಹುಳ ಗೂಡು ಕಟ್ಟುವ ಚಂದ್ರಿಕೆಗಳು ಅಟ್ಟ ಸೇರಿವೆ. ಎರಡು ಹಸು ಇವೆ, ಕೊಟ್ಟಿಗೆ ಇದೆ. ಮೊನ್ನೆ ಬೆಳಗಿನ ಜಾವ ನಿದ್ದೆ ಬರದೆ ಎದ್ದವನು ಟಾರ್ಚು ಹಿಡಿದು ಕೊಟ್ಟಿಗೆ ಗೋಡೆ ನೋಡುತ್ತಾ ನಿಂತಿದ್ದೆ. ಒಳಗಿಂದ ಅವ್ವ ಕೂಗಿದಳು, "ಏನ್ ಹುಡುಕ್ತಿದ್ದೀಯ ಮಗ, ಹಾವಾ?"

"ಇಲ್ಲವ್ವ, ನೊಣ."

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅಂದಳು, "ಸಿಕ್ರೆ ಸಾಕ್ಬೇಡ."

ನಮಸ್ಕಾರ.