ಅಮೆರಿಕಾ ರೈತರ ಸಂಘದ ಸ್ಪರ್ಧೆಗೆ ನಮ್ ನಿಂಬೆಕಾಯಿ ಉಪ್ಪಿನಕಾಯಿ | ಗ್ರೇಂಜ್ ಹಾಲ್ ವ್ಲಾಗ್

ಇದು ಚರ್ಚ್ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಬೆಳಿಗ್ಗೆ ಫೋಟೋ ಹಾಕಿದ್ದಕ್ಕೇ ಯಾವ್ ಚರ್ಚು ಅಕ್ಕಾ ಅಂತ ಮೆಸೇಜ್ ಬಂದಿದ್ದೂ ಬಂದಿದ್ದೇ. ಬಿಳೀ ಮರದ ಗೋಡೆ, ಉದ್ದುದ್ದ ಕಿಟಕಿ, ನೋಡೋಕೇನೋ ಹಾಗೇ ಇದೆ ಬಿಡಿ. ಆದ್ರೆ ಬಾಗ್ಲು ಮೇಲೆ, ಇರಿ ಝೂಮ್ ಮಾಡ್ತೀನಿ, ಏಳು ಮೂಲೆದೊಂದು ಚಿಹ್ನೆ, ಮಧ್ಯ ಗೋಧಿ ಕಂತೆ, ಅದ್ರಲ್ಲಿ ಪಿ, ಎಚ್ ಅಂತ ಅಕ್ಷರ. ಪೇಟ್ರನ್ಸ್ ಆಫ್ ಹಸ್ಬೆಂಡ್ರಿ. ಎಲ್ರೂ ಕರೆಯೋದು ಗ್ರೇಂಜ್ ಅಂತ. ಇಲ್ಲಿನ ರೈತರ ಸಂಘ ಅನ್ಕೊಳಿ, ಅನ್ಕೊಂಡ್ರೆ ಅರ್ಧ ಸರಿ ಅರ್ಧ ತಪ್ಪು, ಯಾಕೆ ಅಂತ ಆಮೇಲೆ ಹೇಳ್ತೀನಿ. ಊರ ಹೆಸ್ರು ಹೇಳಲ್ಲ, ಕನೆಕ್ಟಿಕಟ್ಟಲ್ಲೊಂದು ಹಳ್ಳಿ ಅಷ್ಟೇ, ಯಾಕಂದ್ರೆ ಇವತ್ತು ಸ್ವಲ್ಪ ಬಯ್ಯೋದಿದೆ ನಂಗೆ.

ಸೆಪ್ಟೆಂಬರ್ ಬಂತಂದ್ರೆ ಈ ಕಡೆ ಊರೂರಲ್ಲೂ ಗ್ರೇಂಜ್‌ನೋರು ಹೀಗೊಂದು ಫೇರ್ ಮಾಡ್ತಾರೆ. ನೋಡಿ ಟೇಬಲ್ ಮೇಲೆ ಪೇಪರ್ ತಟ್ಟೆ, ತಟ್ಟೆಗೈದು ಟೊಮೇಟೊ. ನಾಲ್ಕಿಟ್ರೂ ಆಗಲ್ಲ ಆರಿಟ್ರೂ ಆಗಲ್ಲ. ಐದೂ ಒಂದೇ ಸೈಜು ಒಂದೇ ಬಣ್ಣ ಇರ್ಬೇಕು, ಒಂದು ದಪ್ಪ ಇದ್ರೆ ಕಥೆ ಮುಗೀತು. ತಿಂದ್ ನೋಡೋರು ಯಾರೂ ಇಲ್ಲ! ನಮ್ಮೂರ ಸಂತೇಲಿ ಟೊಮೇಟೊ ಅಮುಕಿ ನೋಡ್ದೆ ಯಾರಾದ್ರೂ ಚೀಲಕ್ಕೆ ಹಾಕೊಂಡಿದ್ದುಂಟಾ? ಇಲ್ಲಿ ಮುಟ್ಟಿದ್ರೆ ಅಲ್ಲಿ ಕೂತಿರೋ ಅಜ್ಜಿ ಕನ್ನಡಕದ ಮೇಲಿಂದ ನೋಡ್ತಾರೆ. ಆ ಡೇಲಿಯಾ ಹೂವು ನೋಡಿ, ನನ್ ಮಗನ ಮುಖಕ್ಕಿಂತ ದೊಡ್ಡದು. ಕ್ವಿಲ್ಟ್ ಮಾತ್ರ ಒಪ್ಕೋತೀನಿ, ನಮ್ ಕೌದಿ ತರಾನೇ ಆದ್ರೆ ಒಂದೊಂದು ಹೊಲಿಗೆನೂ ಇರುವೆ ಸಾಲು, ಕೈಯಲ್ಲೇ ಹಾಕಿದ್ದಂತೆ.

ಸರಿ ಉಪ್ಪಿನಕಾಯಿ ವಿಷ್ಯಕ್ ಬರೋಣ, ಅದಕ್ಕೇ ತಾನೇ ಕ್ಲಿಕ್ ಮಾಡಿದ್ದು ನೀವೂ.

ಪಕ್ಕದ್ಮನೆ ಅಜ್ಜಿ ಇಲ್ಲಿ ಮೆಂಬರ್. ಬೇಸಿಗೇಲಿ ನಮ್ಮನೇಗ್ ಬಂದಾಗ ಡೆಕ್ ಮೇಲೆ ಬಿಸ್ಲಿಗೆ ನಿಂಬೆಕಾಯಿ ಇಟ್ಟಿದ್ದೆ, ನೋಡಿ ಏನಿದು ಅಂದ್ರು, ಒಂದ್ ಹೋಳು ಕೊಟ್ಟೆ, ಮುಖ ಹಿಂಡ್ಕೊಂಡು ಇನ್ನೊಂದ್ ಹೋಳು ಕೇಳಿದ್ರು. ಕೇಳಿ ತಿಂದ್ಮೇಲೆ ನೀನ್ ಫೇರಿಗೆ ಹಾಕ್ಲೇಬೇಕು ಅಂದ್ರು. ನಾನೂ ಹುರುಪಲ್ಲಿ ಕಾಸ್ಟ್ಕೋದಿಂದ ಒಂದ್ ಚೀಲ ನಿಂಬೆಹಣ್ಣು ತಂದು, ಉಪ್ಪಲ್ಲಿ ನೆನೆಸಿ, ಅಮ್ಮ ಊರಿಂದ ಕಳಿಸಿದ್ದ ಬ್ಯಾಡಗಿ ಪುಡಿ ಹಾಕಿ, ಮೆಂತ್ಯ ಹುರಿದು ಪುಡಿ ಮಾಡಿ, ಸಾಸ್ವೆ ಇಂಗು ಒಗ್ಗರಣೆ ಕೊಟ್ಟು ಎಣ್ಣೆ ಮೇಲ್ ತೇಲೋ ಹಾಗೆ ಮಾಡ್ದೆ. ನಾನೇ ಹೇಳ್ಕೋಬಾರ್ದು ಆದ್ರೂ ಹೇಳ್ತೀನಿ, ಘಮ್ಮಂತಿತ್ತು. ಬಾಟಲಿಗೆ ತುಂಬ್ದೆ. ಯಾವ್ ಬಾಟಲಿ? ಪಾಸ್ತಾ ಸಾಸ್ ಬರತ್ತಲ್ಲ ಆ ಗಾಜಿನ ಬಾಟಲಿ, ಸೋಪಲ್ಲಿ ತೊಳೆದು, ಬಿಸ್ಲಲ್ ಒಣಗ್ಸಿ. ನಮ್ ಜನ್ರ ಅಡುಗೆಮನೇಲಿ ಹಾರ್ಲಿಕ್ಸ್ ಬಾಟಲಿಗೆ ಎಷ್ಟ್ ಜನ್ಮ ಇರತ್ತೆ ನಿಮ್ಗೇ ಗೊತ್ತು.

ಬೆಳಿಗ್ಗೆ ಬಂದು ಕೊಟ್ವಿ, ಚೀಟಿ ಕಟ್ಟಿ ಇಟ್ಕೊಂಡ್ರು. ಮಧ್ಯಾಹ್ನ ಬಂದ್ ನೋಡಿದ್ರೆ, ಈಗ ತೋರಿಸ್ತಿರೋದು ಅದೇ, ಪೀಚ್ ಜಾರ್‌ಗೆ ನೀಲಿ ರಿಬ್ಬನ್ನು, ಅಂದ್ರೆ ಫಸ್ಟ್ ಪ್ರೈಝು, ಬೀನ್ಸ್ ಜಾರ್‌ಗೆ ಕೆಂಪು, ಅಂದ್ರೆ ಸೆಕೆಂಡು, ನನ್ ಬಾಟಲಿ ಮೂಲೇಲಿ ಒಬ್ನೇ ಕೂತಿದೆ, ಮೇಲೊಂದು ಕಾರ್ಡು. ಮೂರ್ ಕಂಪ್ಲೇಂಟು. ಒಂದು, ಸ್ಟ್ಯಾಂಡರ್ಡ್ ಮೇಸನ್ ಜಾರ್, ಅಂದ್ರೆ ತಿರುಪಿನ ಮುಚ್ಚಳ ಹಾಕಿ ಸೀಲ್ ಮಾಡೋ ಗಾಜಿನ ಜಾರ್ ಅಲ್ಲ. ಎರಡು, ಯಾವ ವಿಧಾನದಲ್ಲಿ ಎಷ್ಟು ನಿಮಿಷ ಕುದಿಸಿ ಸೀಲ್ ಮಾಡಿದ್ದು ಅಂತ ಲೇಬಲ್ ಇಲ್ಲ. ಮೂರು, ಪರೀಕ್ಷೆ ಆಗಿರೋ ರೆಸಿಪಿ ಅಲ್ಲ. ಸ್ಪರ್ಧೆಗೆ ಪರಿಗಣಿಸಿಲ್ಲ, ಥ್ಯಾಂಕ್ಯೂ, ಕೆಳಗೊಂದು ಸ್ಮೈಲಿ. ಮುಚ್ಚಳ ತೆಗ್ದೇ ಇಲ್ಲ ಕಣ್ರೀ! ನಾನ್ ಹಾಕಿದ್ ಗುರುತು ಹಾಗೇ ಇದೆ. ಅಮ್ಮನ ಅಮ್ಮನ ಕಾಲದಿಂದ ಬಂದಿರೋ ಉಪ್ಪಿನಕಾಯಿ, ಇದಕ್ಕಿಂತ ಪರೀಕ್ಷೆ ಬೇಕಾ? ನಮ್ಮನೇಲಿ ಪರೀಕ್ಷೆ ಮಾಡಿದೋರೆಲ್ಲ ಎಂಬತ್ತು ತೊಂಬತ್ತು ವರ್ಷ ಬದುಕಿದ್ರು.

ಕೇಳೇಬಿಟ್ಟೆ, ಸುಮ್ನಿರೋಳಲ್ಲ ನಾನು. ಆ ಟೇಬಲ್ ನೋಡ್ಕೋತಿದ್ದ ಹೆಂಗ್ಸು ಪಾಪ ತುಂಬಾ ಸಮಾಧಾನವಾಗೇ ಹೇಳಿದ್ರು. ಇಲ್ಲಿ ಯಾರ ಜಾರೂ ತೆಗೆಯಲ್ವಂತೆ. ನೀಲಿ ರಿಬ್ಬನ್ ಬಂದಿರೋ ಆ ಪೀಚೂ ಯಾರೂ ತಿಂದಿಲ್ಲ! ಸೀಲ್ ಗಟ್ಟಿ ಇದ್ಯಾ, ಹಣ್ಣು ಸಾಲಾಗಿ ಕೂತಿದ್ಯಾ, ರಸ ತಿಳಿಯಾಗಿದ್ಯಾ, ಮೇಲೆ ಬಿಡ್ಬೇಕಾದಷ್ಟೇ ಜಾಗ ಬಿಟ್ಟಿದಾರಾ, ನೋಡೋದು ಅಷ್ಟೇ. ಎಲ್ಲಾ ಬೊಟುಲಿಸಂ ಭಯ, ಒಂದ್ ಬ್ಯಾಕ್ಟೀರಿಯಾದ ವಿಷದಿಂದ ಬರೋ ಪ್ರಾಣಕ್ಕೇ ಅಪಾಯದ ಕಾಯಿಲೆ ಅದು. ಗಾಳಿ ಆಡ್ದೇ ಇರೋ ಜಾಗದಲ್ಲಿ, ಹುಳಿ ಕಮ್ಮಿ ಇದ್ರೆ, ಆ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡತ್ತೆ, ಎಣ್ಣೆ ಮುಚ್ಚಿದ್ರಂತೂ ಗಾಳಿ ಇರಲ್ವಲ್ಲ, ಅದಕ್ಕೆ ಎಣ್ಣೆ ಅಂದ್ರೇನೇ ಇವ್ರಿಗೆ ನಡುಕ. ಪಿಎಚ್ ಅಂದ್ರೆ ಹುಳಿ ಅಳತೆ, ನಂಬರ್ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ, ಅದು 4.6ಕ್ಕಿಂತ ಕೆಳಗಿದ್ರೆ ಆ ಬ್ಯಾಕ್ಟೀರಿಯಾ ಬೆಳೆಯಲ್ಲ. ನಿಂಬೆಹಣ್ಣು ಎಲ್ಲಿ 4.6 ಎಲ್ಲಿ, ಹತ್ರಾನೂ ಬರಲ್ಲ, ಅದ್ರ ಮೇಲೆ ಅಷ್ಟ್ ಉಪ್ಪು ಬೇರೆ. ಇದನ್ನ ಅವ್ರಿಗೂ ಹೇಳ್ದೆ. ನಿಜಾನೇ ಇರ್ಬೋದು, ಆದ್ರೆ ನಾನ್ ಅಳೆದಿಲ್ವಲ್ಲ ಅಂದ್ರು. ಅದಕ್ಕೇನ್ ಹೇಳ್ಲಿ? ಒಂದ್ ಕಡೆ ಸರೀನೇ, ಯಾರೋ ಬೆಳ್ಳುಳ್ಳೀನ ಎಣ್ಣೇಲಿ ಮುಳುಗಿಸಿ ತಂದಿಟ್ರೆ ಅದಕ್ಕೂ ಇದೇ ರೂಲು ಹಾಕ್ಬೇಕಲ್ಲ. ಆದ್ರೂ ಆ ಸ್ಮೈಲಿ ಹಾಕ್ಬಾರ್ದಿತ್ತು. ಆ ಮೇಸನ್ ಜಾರೂ ಅಷ್ಟೇ, ಜಾನ್ ಮೇಸನ್ ಅನ್ನೋನು ಪೇಟೆಂಟ್ ತಗೊಂಡಿದ್ದು 1858ರಲ್ಲಿ, ಈ ಸಂಘಕ್ಕಿಂತಾನೂ ಹಳೇದು, ಅದ್ರ ಮೇಲೆ ಇವ್ರಿಗೆ ಅಷ್ಟ್ ಭಕ್ತಿ. ಒಂದೇ ಒಂದ್ ಜಾರ್ ಬೇಕಂದ್ರೂ ಅಂಗಡೀಲಿ ಡಜನ್ ಪೂರ್ತಿ ತಗೊಳ್ಳಿ ಅಂತಾರೆ. ಹನ್ನೊಂದ್ರಲ್ಲಿ ಏನ್ ತುಂಬ್ಲಿ ನಾನು?

ಶಾಟ್ ಮುಗೀತು, ಮೇಲ್ಗಡೆ ಹೋಗೋಣ.

ಇದು ಮೀಟಿಂಗ್ ಹಾಲ್. ಇದನ್ನ ತೋರಿಸ್ಬೇಕು ಅಂತಾನೇ ಬಂದಿದ್ದು. ಮಧ್ಯದಲ್ಲಿ ಪೀಠ, ಮೇಲೆ ಬೈಬಲ್, ನಾಲ್ಕೂ ಗೋಡೆ ಕಡೆ ಒಂದೊಂದ್ ಕುರ್ಚಿ, ಒಂದೊಂದ್ ಪದವಿ. ಓವರ್‌ಸೀಯರ್, ಲೆಕ್ಚರರ್, ಸ್ಟೂವರ್ಡ್, ಗೇಟ್‌ಕೀಪರ್ ಅಂತೆಲ್ಲ. ಅಲ್ಲಿ ಪಕ್ಕದಲ್ಲಿ ಮೂರು ಕುರ್ಚಿ ಇದ್ಯಲ್ಲ, ಸೀರಿಸ್, ಪೊಮೋನಾ, ಫ್ಲೋರಾ. ಧಾನ್ಯಕ್ಕೊಬ್ಳು, ಹಣ್ಣಿಗೊಬ್ಳು, ಹೂವಿಗೊಬ್ಳು, ರೋಮನ್ನರ ದೇವಿಯರು, ಬೈಬಲ್ ಮುಂದೇನೇ ಕೂತಿದಾರೆ! ಮೆಂಬರ್ ಆಗೋಕೆ ನಾಲ್ಕು ಡಿಗ್ರಿ, ನಮ್ ಬಿಎ ಬಿಕಾಂ ಅಲ್ಲ, ದೀಕ್ಷೆ ತರ. ನಾಲ್ಕು ಋತು ಅವು, ಮೊದಲನೇದ್ರಲ್ಲಿ ನೀವು ಕೂಲಿಯಾಳು, ಕೊಡ್ಲಿ ನೇಗ್ಲು ಕುಂಟೆ ಗುದ್ಲಿ ತೋರಿಸಿ ಪಾಠ ಹೇಳ್ತಾರೆ, ಆಮೇಲೆ ಉಳೋನು, ಕೊಯ್ಯೋನು, ಕೊನೆಗೆ ಮನೆ ಯಜಮಾನ. ಅದ್ರ ಮೇಲೂ ಮೂರಿದೆ, ಏಳನೇದು ರಾಷ್ಟ್ರಮಟ್ಟದ ಅಧಿವೇಶನದಲ್ಲೇ ಕೊಡೋದು. ಪಾಸ್‌ವರ್ಡ್ ಬೇರೆ ಇದೆ. ಏನಪ್ಪಾ ಅಂತ ಗೇಟ್‌ಕೀಪರ್ ಅಜ್ಜನ್ನ ಕೇಳಿದ್ರೆ ನಕ್ಕು ನನ್ ಮಗನಿಗೊಂದು ಪೆಪ್ಪರ್‌ಮಿಂಟ್ ಕೊಟ್ರು, ಅಷ್ಟೇ ಉತ್ತರ.

ಇದೆಲ್ಲ ಎಲ್ಲಿಂದ ಬಂತು ಅಂದ್ರೆ, ಆಲಿವರ್ ಕೆಲ್ಲಿ ಅಂತ ಒಬ್ರು, ಮಿನೆಸೋಟಾದಲ್ಲಿ ಹೊಲ ಮಾಡ್ತಿದ್ದೋರು, ಕೃಷಿ ಇಲಾಖೇಲಿ ಗುಮಾಸ್ತ. ಇಲ್ಲಿನ ಉತ್ತರ ದಕ್ಷಿಣ ರಾಜ್ಯಗಳ ಸಿವಿಲ್ ವಾರ್ ಮುಗಿದ್ಮೇಲೆ 1866ರಲ್ಲಿ ಅವ್ರನ್ನ ದಕ್ಷಿಣದ ರಾಜ್ಯಗಳಿಗೆ ಹೊಲ ಗದ್ದೆ ಪರಿಸ್ಥಿತಿ ನೋಡ್ಕೊಂಡ್ ಬಾ ಅಂತ ಕಳಿಸಿದ್ರು. ಸೋತ ಜನ, ಉತ್ತರದೋನು ಅಂದ್ರೆ ಮುಖ ಕೊಟ್ಟು ಮಾತಾಡಲ್ಲ. ಆದ್ರೆ ಕೆಲ್ಲಿ ಫ್ರೀಮೇಸನ್, ಅಂದ್ರೆ ದೀಕ್ಷೆ ಗುಟ್ಟು ಎಲ್ಲಾ ಇರೋ ಒಂದು ಹಳೇ ಸೋದರ ಸಂಘದೋರು, ಅಲ್ಲಿನ ಫ್ರೀಮೇಸನ್‌ಗಳು ಬಾಗ್ಲು ತೆಗೆದು ಊಟ ಹಾಕಿದ್ರು. ಆಗ್ಲೇ ತಲೇಗ್ ಹೊಳೆದಿದ್ದು, ರೈತರಿಗೂ ಇಂಥದ್ದೊಂದು ಬೇಕು ಅಂತ. 1867 ಡಿಸೆಂಬರ್ 4, ವಾಷಿಂಗ್ಟನ್ನಲ್ಲಿ ಶುರು. ಅವ್ರ ಅಣ್ಣನ ಮಗಳೋ ಅಕ್ಕನ ಮಗಳೋ, ಕ್ಯಾರೊಲಿನ್ ಹಾಲ್ ಅಂತ, ಹೆಂಗಸ್ರಿಗೂ ಸರಿಸಮ ಜಾಗ ಕೊಡಿ ಅಂತ ಹಿಡಿದು ಕೂತ್ರು, ಕೊಟ್ರು. ಮೊದಲನೇ ದಿನದಿಂದ ಹೆಂಗಸ್ರಿಗೆ ಸಂಘದಲ್ಲಿ ಓಟು. ದೇಶದಲ್ಲಿ ಓಟು ಸಿಕ್ಕಿದ್ದು 1920ಕ್ಕೆ, ಲೆಕ್ಕ ಹಾಕೊಳಿ. ಈ ವಿಷ್ಯಕ್ಕೆ ಉಪ್ಪಿನಕಾಯಿ ಕೋಪ ಅರ್ಧ ಇಳೀತು ನಂಗೆ.

ಬರೀ ವೇಷ ಹಾಕೊಂಡು ಕೂತಿದ್ರು ಅನ್ಕೋಬೇಡಿ. ಆಗ ರೈಲ್ ಕಂಪ್ನಿಗಳು ಹೇಳಿದ್ದೇ ಬಾಡಿಗೆ, ಗೋಧಿ ಶೇಖರಿಸೋ ಗೋದಾಮಿನೋರು ಕೇಳಿದ್ದೇ ರೇಟು. ಇಲಿನಾಯ್, ಅಯೋವಾ, ಮಿನೆಸೋಟಾ, ವಿಸ್ಕಾನ್ಸಿನ್ ಕಡೆ ಗ್ರೇಂಜ್‌ನೋರು ಗಲಾಟೆ ಮಾಡಿ ರೇಟಿಗೆ ಕಡಿವಾಣ ಹಾಕೋ ಕಾನೂನು ಮಾಡಿಸಿದ್ರು, 1877ರಲ್ಲಿ ಮನ್ ವರ್ಸಸ್ ಇಲಿನಾಯ್ ಕೇಸಲ್ಲಿ ಸುಪ್ರೀಂ ಕೋರ್ಟು, ಊರಿಗೆಲ್ಲ ಬೇಕಾಗೋ ವ್ಯವಹಾರ ಮಾಡೋರನ್ನ ಸರ್ಕಾರ ನಿಯಂತ್ರಿಸ್ಬೋದು ಅಂತ ಹೇಳ್ತು. ಹಳ್ಳಿ ಮನೆ ಬಾಗ್ಲಿಗೇ ಪೋಸ್ಟು ಬರ್ಬೇಕು ಅಂತ ಹಠ ಹಿಡಿದಿದ್ದೂ ಇವ್ರೇ, 1896ರಲ್ಲಿ ಅದು ಶುರುವಾಯ್ತು. ಅಮೆಝಾನ್ ಡಬ್ಬಿ ಎತ್ಕೊಳ್ಳೋವಾಗ ನೆನಪಿಟ್ಕೊಳಿ. ಎಲ್ಲಾ ಗೆದ್ರು ಅಂತಲ್ಲ, ಅಯೋವಾದಲ್ಲಿ ತಾವೇ ಹಾರ್ವೆಸ್ಟರ್ ಮಾಡ್ತೀವಿ ಅಂತ ಹೋಗಿ ಚೆನ್ನಾಗಿ ಕೈ ಸುಟ್ಕೊಂಡ್ರು.

ಇದನ್ನೆಲ್ಲ ನಮ್ಮಪ್ಪಂಗೆ ವೀಡಿಯೋ ಕಾಲಲ್ಲಿ ಹೇಳ್ದೆ. ನಮ್ದು ತಿಪಟೂರು ಕಡೆ, ಅಪ್ಪ ಹಳೇ ರೈತ ಸಂಘದೋರು, ಹಸಿರು ಶಾಲು ಈಗ್ಲೂ ಬಾಗ್ಲ ಹಿಂದಿನ ಮೊಳೇಲಿ ನೇತಾಡ್ತಿರತ್ತೆ. 1980ರ ನರಗುಂದ ನವಲಗುಂದದ ಗಲಾಟೆ, ನಂಜುಂಡಸ್ವಾಮಿಯೋರ ಭಾಷಣ, ಅಪ್ಪಣೆ ಇಲ್ದೆ ಅಧಿಕಾರಿಗಳು ಊರೊಳಗ್ ಬರ್ಬಾರ್ದು ಅಂತ ಹಾಕ್ತಿದ್ದ ಬೋರ್ಡು, ಶುರು ಹಚ್ಕೊಂಡ್ರೆ ನಿಲ್ಸಲ್ಲ. ಎಲ್ಲಾ ಕೇಳಿಸ್ಕೊಂಡು, "ಸರಿ ಕಣವ್ವಾ, ಈಗ ಧರಣಿ ಎಲ್ಲಿ ಕೂರ್ತಾರೆ?" ಅಂದ್ರು. ಧರಣಿ ಇಲ್ಲಪ್ಪಾ, ಈಗ ಊಟ, ಟೊಮೇಟೊ ಸ್ಪರ್ಧೆ ಅಂದೆ. "ಅದು ಸಂಘ ಅಲ್ಲವ್ವಾ, ಜಾತ್ರೆ" ಅಂತ ಫೋನ್ ಅಮ್ಮನ ಕೈಗೆ ಕೊಟ್ಟೇಬಿಟ್ರು. ಆವಾಗ ನಂಗೂ ಹೌದು ಅನಿಸ್ತು. ಈಗ ಇಲ್ಲಿ ಕೂತು ನೋಡಿದ್ರೆ ಅಷ್ಟು ಸುಲಭ ಅಲ್ಲ ಅನಿಸ್ತಿದೆ. ರಾಷ್ಟ್ರಮಟ್ಟದಲ್ಲಿ ಈಗ್ಲೂ ಇವ್ರ ಆಫೀಸು ವೈಟ್‌ಹೌಸ್ ಹತ್ರಾನೇ ಇದೆ, ಹಳ್ಳಿಗೆ ಇಂಟರ್ನೆಟ್ ಕೊಡಿ, ಆಸ್ಪತ್ರೆ ಕೊಡಿ ಅಂತ ಕೇಳ್ತಾನೇ ಇರ್ತಾರೆ, ಆದ್ರೆ ಯಾವ್ ಪಾರ್ಟಿಗೂ ಓಟ್ ಹಾಕಿ ಅನ್ನಲ್ಲ. ನಮ್ಮಲ್ಲಿ ಒಂದ್ ಸಂಘ ಎಷ್ಟ್ ಬಣ ಆಯ್ತು ಅಂತ ಅಪ್ಪನ್ನ ಕೇಳ್ಬೇಕಿತ್ತು, ಕೇಳಿದ್ರೆ ಬೈತಿದ್ರು.

ಈ ಹಾಲಲ್ಲಿ ಮಾತ್ರ ಹೊಲ ಉಳೋರು ಕಮ್ಮಿ. ರಿಟೈರ್ಡ್ ಟೀಚರು, ಬಸ್ ಡ್ರೈವರು, ನರ್ಸು. ಪ್ರತಿ ವರ್ಷ ಮೂರನೇ ಕ್ಲಾಸ್ ಮಕ್ಕಳಿಗೆ ಒಂದೊಂದ್ ಡಿಕ್ಷನರಿ ಕೊಡ್ತಾರೆ, ಸಪ್ಪರ್ ಮಾಡಿ ದುಡ್ ಎತ್ತಿ ಸೂರು ರಿಪೇರಿ ಮಾಡಿಸ್ತಾರೆ. ಪೆನ್ಸಿಲ್ವೇನಿಯಾದ ಸೆಂಟರ್ ಹಾಲ್ ಅನ್ನೋ ಊರಲ್ಲಿ 1874ರಲ್ಲಿ ಗ್ರೇಂಜ್ ಪಿಕ್ನಿಕ್ ಅಂತ ಶುರುವಾಗಿದ್ದು, ಈಗ ಸುಮಾರು ಸಾವಿರ ಟೆಂಟ್ ಹಾಕೊಂಡು ಒಂದ್ ವಾರಕ್ಕೂ ಮೇಲೆ ಅಲ್ಲೇ ಠಿಕಾಣಿ, ಸೋಫಾ ಫ್ರಿಜ್ಜು ಎಲ್ಲಾ ಟೆಂಟೊಳಗೇ, ಟೆಂಟ್ ಜಾಗ ಅಪ್ಪನಿಂದ ಮಗಂಗೆ ಬರತ್ತಂತೆ. ಅದನ್ನೊಂದ್ಸಲ ಶೂಟ್ ಮಾಡ್ಲೇಬೇಕು. ಇವ್ರು ಲೀವ್ ಹಾಕಿದ್ರೆ.

ಇವ್ರು ಅಂದಿದ್ದಕ್ಕೆ ನೆನಪಾಯ್ತು, ಈ ಕೆಂಪು ರಿಬ್ಬನ್ ನೋಡಿ. ನಮ್ ಮನೆಯವ್ರ ಹೀರೇಕಾಯಿದು. ಇತರೆ ತರಕಾರಿ ಅನ್ನೋ ವಿಭಾಗ, ಇಟ್ಟಿದ್ದು ಇವ್ರೊಬ್ರೇ. ಇರೋದೊಂದೇ ತಟ್ಟೆ, ಬಂದಿದ್ದು ಸೆಕೆಂಡ್ ಪ್ರೈಝು! ಜಡ್ಜ್‌ಗೆ ಸಮಾಧಾನ ಆಗ್ದಿದ್ರೆ ಫಸ್ಟ್ ಯಾರಿಗೂ ಕೊಡಲ್ವಂತೆ. ಮೂರು ಕಾಯಿ ಒಂದೇ ಉದ್ದ ಇರ್ಲಿಲ್ಲ ಅಂತ ಕಾರ್ಡು. ಆದ್ರೂ ಇವ್ರು ಬೆಳಿಗ್ಗೆಯಿಂದ ಅದನ್ನ ಶರ್ಟ್ ಜೇಬಿಗ್ ಸಿಗಿಸ್ಕೊಂಡು ಓಡಾಡ್ತಿದಾರೆ, ನನ್ ಬಾಟಲಿ ವಿಷ್ಯ ಕೇಳ್ಕೊಂಡ್ ಬಂದೋರಿಗೆಲ್ಲ ಅವ್ರೇ ಮುಂದೆ ಹೋಗಿ ವಿವರಿಸ್ತಿದಾರೆ.

ಊಟ, ಬೇಗ ತೋರಿಸ್ತೀನಿ, ಕ್ಯೂ ಹಿಂದೆ ಜನ ಇದಾರೆ. ಜೋಳ, ಆಲೂಗಡ್ಡೆ ಸಲಾಡ್, ಕೋಳಿ, ಬೇಕ್ಡ್ ಬೀನ್ಸ್. ವೆಜ್ ಮಂದಿ ಹುಷಾರು, ಆ ಬೀನ್ಸಲ್ಲಿ ಹಂದಿ ಮಾಂಸ ಇರತ್ತೆ, ಕೇಳ್ದೆ ಹಾಕಿಸ್ಕೋಬೇಡಿ. ಬ್ಲೂಬೆರಿ ಪೈ ಮಾತ್ರ, ಇದಕ್ಕೆ ಯಾವ್ ರಿಬ್ಬನ್ ಕೊಟ್ರೂ ಕಮ್ಮಿ, ಇದನ್ನಾದ್ರೂ ತಿಂದು ಜಡ್ಜ್ ಮಾಡಿರ್ತಾರಲ್ಲ.

ಹಾಂ, ಊಟ ಮಾಡೋವಾಗ ಇನ್ನೊಂದಾಯ್ತು. ಲೆಕ್ಚರರ್ ಅಂತ ಹೇಳಿದ್ನಲ್ಲ, ಆ ಪದವಿ ಇರೋರ ಕೆಲ್ಸ ಪ್ರತಿ ಮೀಟಿಂಗಲ್ಲೂ ಹಾಡೋ ನಾಟಕಾನೋ ಏನಾದ್ರೂ ಹೊಸ ವಿಷ್ಯಾನೋ ಇಡ್ಸೋದು. ಅವ್ರು ನನ್ ತಟ್ಟೆ ಪಕ್ಕ ಬಂದು ಕೂತು, ಮುಂದಿನ ಮೀಟಿಂಗಲ್ಲಿ ಉಪ್ಪಿನಕಾಯಿ ಹೆಂಗೆ ಹಾಕೋದು ಅಂತ ಒಂದ್ ಕಾಲ್ಗಂಟೆ ಮಾತಾಡ್ತೀರಾ, ಬಾಟಲಿನೂ ತನ್ನಿ, ಅಲ್ಲಿ ಎಲ್ರೂ ರುಚಿ ನೋಡ್ಬೋದು ಅಂದ್ರು. ಸ್ಪರ್ಧೇಲಿ ಮುಟ್ಟಲ್ಲ, ಮೀಟಿಂಗಲ್ಲಿ ತಿಂತಾರೆ, ಇದ್ಯಾವ್ ಸೀಮೆ ರೂಲು? ಹೂಂ ಅಂದ್ಬಿಟ್ಟೆ. ಪಿಎಚ್ ಸ್ಟ್ರಿಪ್ ತಗೊಂಡ್ ಹೋಗ್ತೀನಿ, ಎಲ್ರ ಮುಂದೇನೇ ಅದ್ದಿ ತೋರಿಸ್ತೀನಿ. ಅವತ್ತು ಕ್ಯಾಮೆರಾ ಬಿಡ್ತಾರೋ ಇಲ್ವೋ, ಬಿಟ್ರೆ ಪಾರ್ಟ್ ಟೂ. ಅಲ್ಲಿ ಪೈ ಹರಾಜು ಶುರುವಾಯ್ತು, ಇವ್ರು ಆಗ್ಲೇ ಕೈ ಎತ್ಬಿಟ್ಟಿದಾರೆ, ಎಷ್ಟಕ್ ಎತ್ತಿದಾರೋ ಏನೋ, ಇರಿ ಬಂದೆ, ರೀ...