ಮಸೀದಿಯ ಒಳಗೆ ಏನಿದೆ?

ಕೇಳುಗರಿಗೆ ನಮಸ್ಕಾರ.

ಚಿಕ್ಕವನಿದ್ದಾಗ ಜೊತೆಗೆ ಆಡುತ್ತಿದ್ದ ಗೆಳೆಯನೊಬ್ಬ ಒಂದು ದಿನ ಕೇಳಿದ: "ನಿಮ್ಮ ಮಸೀದಿ ಒಳಗೆ ಏನಿದೆಯೋ?" ನಾನು "ಏನೂ ಇಲ್ಲ" ಅಂದೆ. ಅವನು ನಂಬಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾನೆ ಅಂದುಕೊಂಡ. ದೊಡ್ಡವನಾದ ಮೇಲೂ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಜನ ಹಿಂದೆಮುಂದೆ ನೋಡುತ್ತಾ, ಮೆಲ್ಲಗೆ ಕೇಳುತ್ತಾರೆ. ಕೇಳಿದರೆ ನನಗೆ ಬೇಜಾರಿಲ್ಲ, ಖುಷಿಯೇ. ಕೇಳದೆ ಊಹಿಸಿಕೊಂಡಾಗ ಅಲ್ವಾ ತೊಂದರೆ?

ಅವತ್ತು ನಾನು ಹೇಳಿದ್ದು ನಿಜ. ಒಳಗೆ ವಿಗ್ರಹವಿಲ್ಲ, ಪಟವಿಲ್ಲ, ಗರ್ಭಗುಡಿಯಂಥ ಜಾಗವೂ ಇಲ್ಲ. ನೆಲಕ್ಕೆ ಚಾಪೆಯೋ ಜಮಖಾನವೋ ಹಾಸಿರುತ್ತಾರೆ. ಎದುರು ಗೋಡೆಯಲ್ಲಿ ಕಮಾನಿನಂಥ ಒಂದು ಗೂಡು. ಅದಕ್ಕೆ ಮಿಹ್ರಾಬ್ ಎನ್ನುತ್ತಾರೆ. ಮೆಕ್ಕಾದಲ್ಲಿರುವ ಕಾಬಾ ಎಂಬ ಚೌಕ ಕಟ್ಟಡ ಯಾವ ಕಡೆಗಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಪಕ್ಕದಲ್ಲಿ ಮೆಟ್ಟಿಲಿರುವ ಪೀಠ, ಮಿಂಬರ್. ಶುಕ್ರವಾರ ಇಮಾಮರು ಅಲ್ಲಿ ನಿಂತು ಖುತ್ಬಾ ಹೇಳುತ್ತಾರೆ, ಅಂದರೆ ಪ್ರವಚನ.

ಗುಮ್ಮಟ, ಮಿನಾರುಗಳೂ ಕಡ್ಡಾಯವಲ್ಲ. ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಮದೀನಾಕ್ಕೆ ಬಂದದ್ದು 622ರಲ್ಲಿ. ಅಲ್ಲಿ ಅವರು ಕಟ್ಟಿದ ಮಸೀದಿಗೆ ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರದೇ ಗರಿಯ ಸೂರು. ಒಂದು ರಾತ್ರಿ ಮಳೆ ಬಂದು ಸೂರು ಸೋರಿತು. ಬೆಳಿಗ್ಗೆ ನಮಾಜ್ ಮುಗಿಸಿ ಪ್ರವಾದಿಯವರು ತಿರುಗಿದಾಗ ಅವರ ಹಣೆಯ ಮೇಲೆ ಕೆಸರಿತ್ತು. ಇದನ್ನು ಕಣ್ಣಾರೆ ಕಂಡವರು ಹೇಳಿದ್ದು ಹದೀಸಿನಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಯ ದಾಖಲೆಯಲ್ಲಿ, ಉಳಿದಿದೆ. ದೊಡ್ಡ ದೊಡ್ಡ ಮಸೀದಿಗಳನ್ನು ನೋಡಿದಾಗಲೆಲ್ಲ ನನಗೆ ಆ ಕೆಸರಿನ ಹಣೆ ನೆನಪಾಗುತ್ತದೆ.

"ಹಾಗಾದರೆ ನೀವು ಪೂಜಿಸುವುದು ಕಾಬಾವನ್ನಾ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಅಲ್ಲ. ಕಾಬಾ ಒಂದು ದಿಕ್ಕು. ಎಲ್ಲಿದ್ದರೂ ಎಲ್ಲರೂ ಒಂದೇ ಕಡೆ ಮುಖ ಮಾಡಲಿ ಎಂಬುದಕ್ಕೆ. ಮದೀನಾಕ್ಕೆ ಬಂದ ಮೇಲೂ ಸುಮಾರು 16-17 ತಿಂಗಳು ಮುಸ್ಲಿಮರು ಜೆರುಸಲೇಮಿನ ಕಡೆಗೆ ತಿರುಗಿ ನಮಾಜ್ ಮಾಡುತ್ತಿದ್ದರು. 624ರಲ್ಲಿ ದಿಕ್ಕು ಬದಲಾಯಿತು. ದಿಕ್ಕು ಬದಲಾಯಿತು, ದೇವರು ಬದಲಾಗಲಿಲ್ಲ. ಕಾಬಾದ ಒಳಗೆ ಹೋದರೂ ಮೂರು ಕಂಬ, ತೂಗುಹಾಕಿದ ದೀಪಗಳು, ಅಷ್ಟೇ. 630ರಲ್ಲಿ ಮೆಕ್ಕಾ ಮುಸ್ಲಿಮರ ಕೈಗೆ ಬಂದ ದಿನ, ಹಿಂದೆ ಗುಲಾಮರಾಗಿದ್ದ ಬಿಲಾಲರು ಅದರ ಮಾಡಿನ ಮೇಲೆ ಹತ್ತಿ ನಿಂತು ಅಜಾನ್, ಅಂದರೆ ನಮಾಜಿನ ಕರೆ, ಕೊಟ್ಟರು. ಪೂಜೆಯ ವಸ್ತುವಿನ ಮೇಲೆ ಯಾರಾದರೂ ಕಾಲಿಡುತ್ತಾರೆಯೇ? ಮೂಲೆಯಲ್ಲಿರುವ ಕರಿಕಲ್ಲಿಗೆ ಮುತ್ತಿಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರವಾದಿಯವರ ನಂತರ ಮುಸ್ಲಿಮರ ನಾಯಕರಾದ ಖಲೀಫರಲ್ಲಿ ಎರಡನೆಯವರಾದ ಉಮರರು ಆ ಕಲ್ಲಿಗೇ ಹೇಳಿದ್ದರು: ನೀನು ಬರೀ ಕಲ್ಲು, ನಿನ್ನಿಂದ ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಪ್ರವಾದಿಯವರು ಮುತ್ತಿಟ್ಟದ್ದನ್ನು ನೋಡಿರದಿದ್ದರೆ ನಾನೂ ಇಡುತ್ತಿರಲಿಲ್ಲ.

ಅಲ್ಲಾಹ್ ಅಂದರೆ ಮುಸ್ಲಿಮರ ಬೇರೆ ದೇವರು ಅಂತ ಹಲವರು ತಿಳಿದಿದ್ದಾರೆ. ಅದು ದೇವರಿಗಿರುವ ಅರಬ್ಬಿ ಹೆಸರು. ಅರಬ್ಬಿ ಮಾತಾಡುವ ಕ್ರೈಸ್ತರೂ ದೇವರನ್ನು ಅಲ್ಲಾಹ್ ಎಂದೇ ಕರೆಯುತ್ತಾರೆ. ಏಸುವನ್ನು ನಾವು ಈಸಾ ಎಂಬ ಪ್ರವಾದಿಯಾಗಿ ನಂಬುತ್ತೇವೆ. ಅವರ ತಾಯಿ ಮರ್ಯಮರ ಹೆಸರಿನಲ್ಲಿ ಕುರಾನಿನಲ್ಲಿ ಒಂದು ಇಡೀ ಅಧ್ಯಾಯವೇ ಇದೆ. ಇನ್ನು ಅಜಾನಿನಲ್ಲಿ ಬರುವ 'ಅಕ್ಬರ್', ಕೆಲವರು ಅಂದುಕೊಂಡಂತೆ, ಮೊಘಲ್ ದೊರೆಯಲ್ಲ. ಅವನು ಪಟ್ಟಕ್ಕೆ ಬಂದದ್ದು 1556ರಲ್ಲಿ. ಅಜಾನ್ ಅದಕ್ಕೂ 900 ವರ್ಷಕ್ಕಿಂತ ಹಳೆಯದು. 'ಅಲ್ಲಾಹು ಅಕ್ಬರ್' ಅಂದರೆ ದೇವರು ಎಲ್ಲಕ್ಕಿಂತ ದೊಡ್ಡವನು ಎಂದರ್ಥ. ಮುಂದಿನ ಸಾಲುಗಳಲ್ಲಿ 'ನಮಾಜಿಗೆ ಬನ್ನಿ' ಎಂಬ ಕರೆ ಇದೆ. ಬೆಳಗಿನ ಜಾವದ ಅಜಾನಿನಲ್ಲಿ ಮಾತ್ರ 'ನಿದ್ದೆಗಿಂತ ನಮಾಜ್ ಮೇಲು' ಎಂಬ ಒಂದು ಸಾಲನ್ನು ಸುನ್ನಿಗಳು ಸೇರಿಸುತ್ತಾರೆ.

ಇಮಾಮರು ಪೂಜಾರಿಯೇ? ಅಲ್ಲ. ಮುಂದೆ ನಿಂತು ನಡೆಸಿಕೊಡುವವರು, ಅಷ್ಟೇ. ಅವರು ಬಾರದಿದ್ದರೆ ಕುರಾನ್ ಚೆನ್ನಾಗಿ ಓದಬಲ್ಲ ಇನ್ನೊಬ್ಬರು ಮುಂದೆ ನಿಲ್ಲುತ್ತಾರೆ. ಸಾಲಿನಲ್ಲಿ ಯಾರಿಗೂ ಮೀಸಲು ಜಾಗವಿಲ್ಲ. ಮೊದಲು ಬಂದವರು ಮುಂದೆ, ತಡವಾದವರು ಹಿಂದೆ. ಮಸೀದಿಯಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ಸಾಹುಕಾರರೂ ಕೂಲಿಯವರೂ ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತಾರೆ. ಸಜ್ದಾಕ್ಕೆ ಬಾಗಿದಾಗ ಮುಂದಿನವರ ಪಾದದ ಹಿಂದೆಯೇ ಹಿಂದಿನವರ ಹಣೆ ನೆಲಕ್ಕೆ ತಾಗುತ್ತದೆ.

ಶುಕ್ರವಾರ ನಿಮಗೆ ರಜೆಯ ದಿನವಾ ಎಂದೂ ಕೇಳುತ್ತಾರೆ. ಆ ಹೊತ್ತಿಗೆ ವ್ಯಾಪಾರ ಬಿಟ್ಟು ಬನ್ನಿ, ನಮಾಜ್ ಮುಗಿದ ಮೇಲೆ ಹರಡಿಹೋಗಿ ನಿಮ್ಮ ಅನ್ನ ಹುಡುಕಿಕೊಳ್ಳಿ ಎಂಬ ಅರ್ಥದ ಮಾತು ಕುರಾನಿನಲ್ಲೇ ಇದೆ. ಕೆಲಸ ಮಾಡಬಾರದ ದಿನ ಅದಲ್ಲ. ದುಡ್ಡಿನ ವಿಷಯಕ್ಕೆ ಬಂದರೆ, ಉಳಿತಾಯ ಇಷ್ಟು ಎಂಬ ಮಿತಿ ದಾಟಿ ಒಂದು ಚಾಂದ್ರ ವರ್ಷ ಕಳೆದರೆ ಅದರ 40ರಲ್ಲಿ ಒಂದು ಪಾಲು ಜಕಾತ್, ಅಂದರೆ ಕಡ್ಡಾಯ ದಾನ, ಕೊಡಬೇಕು. ಹೆಚ್ಚಿನ ವಿದ್ವಾಂಸರ ಪ್ರಕಾರ ಅದನ್ನು ಮಸೀದಿ ಕಟ್ಟುವುದಕ್ಕೆ ಬಳಸುವಂತಿಲ್ಲ, ಮುಖ್ಯವಾಗಿ ಅದು ಬಡವರ ಹಕ್ಕು. ಮಸೀದಿಯ ಖರ್ಚಿಗೆ ಜನ ಬೇರೆಯೇ ಕೊಡುತ್ತಾರೆ.

ಈಗ ಕಷ್ಟದ ಪ್ರಶ್ನೆ. ಮಸೀದಿಯಲ್ಲಿ ಹೆಂಗಸರು ಏಕೆ ಕಾಣುವುದಿಲ್ಲ? ಸುಮ್ನೆ ಜಾರಿಕೊಳ್ಳುವ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಶುಕ್ರವಾರದ ನಮಾಜ್ ಗಂಡಸರಿಗೆ ಕಡ್ಡಾಯ, ಹೆಂಗಸರಿಗೆ ಅಲ್ಲ. ಬೇಕಾದರೆ ಬರಬಹುದು. ಪ್ರವಾದಿಯವರ ಹಿಂದೆ ಹೆಂಗಸರು ನಮಾಜ್ ಮಾಡುತ್ತಿದ್ದರು. ಅಲ್ಲಿ ಮಗು ಅತ್ತರೆ, ತಾಯಿಗೆ ಸಂಕಟವಾಗಬಾರದು ಎಂದು ಅವರು ನಮಾಜನ್ನೇ ಬೇಗ ಮುಗಿಸುತ್ತಿದ್ದರು. ಹೆಂಗಸರನ್ನು ಮಸೀದಿಯಿಂದ ತಡೆಯಬೇಡಿ ಎಂಬ ಅವರ ಮಾತೂ ಇದೆ. ಮೆಕ್ಕಾದಲ್ಲಿ ಇವತ್ತೂ ಗಂಡಸರು, ಹೆಂಗಸರು ಒಟ್ಟಿಗೇ ಕಾಬಾ ಸುತ್ತುತ್ತಾರೆ. ಎಷ್ಟೋ ಮಸೀದಿಗಳಲ್ಲಿ ಹೆಂಗಸರಿಗೆ ಬೇರೆ ಜಾಗ ಇದೆ, ಎಷ್ಟೋ ಕಡೆ ಇಲ್ಲ. ಅವರಿಗೆ ಮನೆಯಲ್ಲಿ ಮಾಡುವುದೇ ಮೇಲು ಎಂದು ಹೇಳಿದ ಹಿರಿಯ ವಿದ್ವಾಂಸರಿದ್ದಾರೆ. ಅವರ ಮೇಲೆ ನನಗೆ ಗೌರವವಿದೆ. ಆದರೂ ಬಾಗಿಲವರೆಗೆ ಬಂದ ತಾಯಿಯನ್ನು ವಾಪಸ್ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಕಡೆಯದಾಗಿ, "ನಾವು ಒಳಗೆ ಬರಬಹುದಾ?" ಮೆಕ್ಕಾ ನಗರಕ್ಕೆ ಮುಸ್ಲಿಮೇತರರಿಗೆ ಪ್ರವೇಶವಿಲ್ಲ, ನಿಜ. ಬೇರೆ ಎಷ್ಟೋ ಮಸೀದಿಗಳಲ್ಲಿ ಬರಬಹುದು. ಅರಬ್ ನಾಡಿನ ದಕ್ಷಿಣದ ನಜ್ರಾನ್ ಎಂಬ ಊರಿನಿಂದ ಬಂದ ಕ್ರೈಸ್ತರನ್ನು ಪ್ರವಾದಿಯವರು ಮದೀನಾದ ಮಸೀದಿಯಲ್ಲೇ ಬರಮಾಡಿಕೊಂಡರು, ಅವರ ಪ್ರಾರ್ಥನೆಗೂ ಅಲ್ಲೇ ಅವಕಾಶ ಕೊಟ್ಟರು ಎಂದು ಹಳೆಯ ಚರಿತ್ರೆಗಳು ಹೇಳುತ್ತವೆ. ಮೊದಲೇ ಒಂದು ಮಾತು ತಿಳಿಸಿ ಬನ್ನಿ. ಮೈತುಂಬ ಬಟ್ಟೆ ಇರಲಿ. ಚಪ್ಪಲಿ ಹೊರಗೆ ಬಿಡಿ. ನಮಾಜ್ ನಡೆಯುತ್ತಿದ್ದರೆ ಹಿಂದೆ ಕೂತು ನೋಡಿ, ಮುಂದೆ ಹಾದುಹೋಗಬೇಡಿ. ಕೊನೆಯಲ್ಲಿ ಎಲ್ಲರೂ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಮುಖ ತಿರುಗಿಸುತ್ತಾರೆ. ಅದು ಅಕ್ಕಪಕ್ಕದಲ್ಲಿರುವವರಿಗೆ ಶಾಂತಿ ಕೋರುವ ಸಲಾಮ್. ಅಲ್ಲಿಗೆ ನಮಾಜ್ ಮುಗಿಯುತ್ತದೆ. ಆಮೇಲೆ ಇಮಾಮರು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರೆ, ಹತ್ತಿರ ಹೋಗಿ ಕೇಳಬೇಕಾದ್ದನ್ನು ಕೇಳಿ.

ನಮಸ್ಕಾರ.