ಅಗ್ಗದ ಗೇಮ್ ಕೀ ಕೊಂಡ ತಮ್ಮ, ಬಿಲ್ ಕೇಳಿದ ಚಿಕ್ಕಪ್ಪ

[ದೃಶ್ಯ: ರಾಯಚೂರಿನ ಮಧ್ಯಾಹ್ನದ ರಸ್ತೆ. ಮೇಜಿನ ಮೇಲೆ ಮೊಬೈಲ್ ರಿಂಗಾಗುತ್ತಿದೆ.]

ನಮಸ್ಕಾರ. ಹೋದ ಬೇಸಿಗೆಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ, ಮಾನ್ವಿಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ನಮ್ಮ ರಾಯಚೂರು ಬಿಸಿಲಲ್ಲಿ ಆ ಹೊತ್ತಿಗೆ ಯಾರೂ ಸುಮ್ನೆ ಫೋನ್ ಮಾಡುವುದಿಲ್ಲ.

"ಅಣ್ಣಾ, ನನ್ನ ಗೇಮ್ ಹೋತು" ಅಂದ.

ಮೂರು ಸಾವಿರ ರೂಪಾಯಿ ಹತ್ತಿರದ ಗೇಮ್. ಯಾವುದೋ ಸೈಟ್‌ನಲ್ಲಿ 850ಕ್ಕೆ ಕೀ ಸಿಕ್ಕಿತ್ತು. ಹಾಕಿದ, ಡೌನ್‌ಲೋಡ್ ಆಯಿತು, ಮೂರು ವಾರ ಆಡಿದ. ಒಂದು ದಿನ ಲೈಬ್ರರಿ, ಅಂದರೆ ಅಕೌಂಟ್‌ನಲ್ಲಿರುವ ಗೇಮ್‌ಗಳ ಪಟ್ಟಿ, ತೆಗೆದರೆ ಗೇಮೇ ಇಲ್ಲ. ಹಿಂದಿನಿಂದ ಚಿಕ್ಕಪ್ಪನ ದನಿ ಕೇಳಿಸಿತು: "ಬಿಲ್ ಐತೇನು ಕೇಳು ಅವನ್ನ!"

ಚಿಕ್ಕಪ್ಪ ಹತ್ತಿ ಬೆಳೆಯುವವರು. ಕಂಪ್ಯೂಟರ್ ಗೇಮ್ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

[ತೆರೆಯ ಮೇಲೆ: ಕೀ ಅಂದರೆ ಗೇಮ್ ಅಲ್ಲ]

ಮೊದಲು ಕೀ ಅಂದರೆ ಏನು ನೋಡೋಣ. ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ. ಅದರ ಕೀ ಸಾಮಾನ್ಯವಾಗಿ ಐದೈದು ಅಕ್ಷರ, ಅಂಕಿಗಳ ಮೂರು ಗುಂಪು. ಅದರೊಳಗೆ ಗೇಮ್ ಇರುವುದಿಲ್ಲ. "ಈ ಅಕೌಂಟ್‌ಗೆ ಈ ಗೇಮ್ ಕೊಡಿ" ಅನ್ನುವ ಒಂದು ಚೀಟಿ ಅಷ್ಟೇ. ಚೀಟಿ ಬರೆದವರು ಅದನ್ನು ರದ್ದು ಮಾಡಲೂಬಹುದು. ತಮ್ಮನಿಗೆ ಆಗಿದ್ದು ಅದೇ.

ಹಾಕುವುದು ಸುಲಭ. ಸ್ಟೀಮ್ ತೆರೆದು ಮೇಲೆ "ಗೇಮ್ಸ್" ಮೆನು ಒತ್ತಿ, "ಆ್ಯಕ್ಟಿವೇಟ್ ಎ ಪ್ರಾಡಕ್ಟ್ ಆನ್ ಸ್ಟೀಮ್" ಆರಿಸಿ. ಮೊಬೈಲ್ ಗೇಮ್‌ಗೆ ಗೂಗಲ್ ಪ್ಲೇ ಗಿಫ್ಟ್ ಕೋಡ್ ತಂದಿದ್ದರೆ, ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಫೋಟೋ ಒತ್ತಿ, ಪೇಮೆಂಟ್ಸ್ ವಿಭಾಗಕ್ಕೆ ಹೋಗಿ "ರಿಡೀಮ್ ಕೋಡ್" ಆರಿಸಿ. ಅದಕ್ಕೂ ಮೊದಲು ಯಾರ ಅಕೌಂಟ್ ತೆರೆದಿದೆ ನೋಡಿಕೊಳ್ಳಿ. ಒಂದೇ ಫೋನ್‌ನಲ್ಲಿ ಅಪ್ಪನದು, ಅಕ್ಕನದು, ನಿಮ್ಮದು ಮೂರು ಅಕೌಂಟ್ ಇರುವ ಮನೆಗಳೇ ಜಾಸ್ತಿ. ಒಮ್ಮೆ ಹಾಕಿದ ಕೋಡ್ ಇನ್ನೊಂದು ಅಕೌಂಟ್‌ಗೆ ಹೋಗುವುದಿಲ್ಲ.

ಕೀ ತಗೊಳ್ಳದಿದ್ದರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ. ಸೊನ್ನೆಯನ್ನು "ಓ" ಅಂತ ಓದಿರಬಹುದು, ಕಾಪಿ ಮಾಡಿ ಹಾಕಿ. ಜಾಸ್ತಿ ಸಲ ತಪ್ಪಾದರೆ ಸ್ಟೀಮ್ ಸ್ವಲ್ಪ ಹೊತ್ತು ಬಾಗಿಲು ಹಾಕಿಬಿಡುತ್ತದೆ. "ಈ ಕೀ ಬೇರೆ ಅಕೌಂಟ್‌ನಲ್ಲಿ ಬಳಕೆಯಾಗಿದೆ" ಅಂತ ಬಂದರೆ ಮಾತ್ರ ಅದು ಟೈಪಿಂಗ್ ತಪ್ಪಲ್ಲ. ಮಾರಿದವನನ್ನು ಹಿಡಿಯಬೇಕು.

[ದೃಶ್ಯ: ಬೀಜದ ಅಂಗಡಿ, ಪಾಕೀಟುಗಳು]

ಸರಿ, 850ಕ್ಕೆ ಆ ಕೀ ಬಂದದ್ದಾದರೂ ಎಲ್ಲಿಂದ?

ಸ್ಟೀಮ್ ನಡೆಸುವ ವಾಲ್ವ್ ಕಂಪನಿ ತನ್ನ ಅಂಗಡಿಯಲ್ಲಿ ಗೇಮ್ ಮಾರಾಟವಾದರೆ ಸಾಮಾನ್ಯವಾಗಿ ಶೇ. 30ರಷ್ಟು ಪಾಲು ಇಟ್ಟುಕೊಳ್ಳುತ್ತದೆ. ಆದರೆ ಗೇಮ್ ಮಾಡಿದವರು ಹೊರಗೆ ಮಾರಲು ಕೀ ಕೇಳಿದರೆ ಪುಕ್ಕಟೆ ಕೊಡುತ್ತದೆ. ಒಳ್ಳೆಯ ವ್ಯವಸ್ಥೆಯೇ. ಕೀಗಳು ಹೊರಗೆ ಓಡಾಡಲು ಶುರುವಾದದ್ದೂ ಅಲ್ಲಿಂದಲೇ.

ಕೆಲವರು ಬೆಲೆ ಕಡಿಮೆ ಇರುವ ದೇಶದಲ್ಲಿ ಕೊಂಡು ಬೇರೆ ಕಡೆ ಮಾರುತ್ತಾರೆ. ನಮಗೂ 2015ರಿಂದ ಸ್ಟೀಮ್‌ನಲ್ಲಿ ರೂಪಾಯಿ ಬೆಲೆ ಇದೆ. ಎಷ್ಟೋ ಗೇಮ್‌ಗಳು ಅಮೆರಿಕಕ್ಕಿಂತ ಇಲ್ಲಿ ಅಗ್ಗ. ಅದಕ್ಕೇ ಕೆಲವು ಕೀಗಳಿಗೆ ದೇಶದ ಬೀಗ ಇರುತ್ತದೆ, ಬೇರೆ ದೇಶದ ಕೀ ಇಲ್ಲಿ ತೆರೆಯುವುದೇ ಇಲ್ಲ. ಇನ್ನು ಕೆಲವರು "ನಾನು ದೊಡ್ಡ ಯೂಟ್ಯೂಬರ್, ರಿವ್ಯೂಗೆ ನಾಲ್ಕು ಕೀ ಕಳಿಸಿ" ಅಂತ ಮೇಲ್ ಹಾಕಿ, ಸಿಕ್ಕಿದ್ದನ್ನು ಮಾರಿಕೊಳ್ಳುತ್ತಾರೆ. ನಮ್ಮಂಥ ಸಣ್ಣ ಚಾನೆಲ್‌ನವರು ನಿಜವಾಗಿ ಕೇಳಿದರೂ ಗೇಮ್ ಮಾಡಿದವರು ನಂಬದಂತೆ ಮಾಡಿದವರು ಇವರೇ, ಅದು ನನ್ನ ಹೊಟ್ಟೆಯುರಿ ಅಂತಲೇ ಇಟ್ಟುಕೊಳ್ಳಿ.

ಎಲ್ಲಕ್ಕಿಂತ ಕೆಟ್ಟದ್ದು ಕದ್ದ ಕಾರ್ಡ್. ಯಾರದೋ ಕ್ರೆಡಿಟ್ ಕಾರ್ಡ್ ನಂಬರ್ ಕದ್ದು, ಗೇಮ್ ಮಾಡಿದವರ ಸೈಟ್‌ನಲ್ಲೇ ನೂರಾರು ಕೀ ಕೊಳ್ಳುತ್ತಾರೆ. ಅರ್ಧ ಬೆಲೆಗೆ ಮಾರಿ ದುಡ್ಡು ಮಾಡಿಕೊಳ್ಳುತ್ತಾರೆ. ಕೆಲವು ವಾರಗಳ ನಂತರ ಕಾರ್ಡಿನ ಯಜಮಾನ ಬ್ಯಾಂಕಿಗೆ ದೂರು ಕೊಡುತ್ತಾನೆ. ಬ್ಯಾಂಕು ಗೇಮ್ ಮಾಡಿದವರಿಂದ ಹಣ ವಾಪಸ್ ಎಳೆದುಕೊಳ್ಳುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ಅದರ ಮೇಲೆ ದಂಡದ ಹಾಗೆ ಒಂದು ಫೀಸು ಬೇರೆ. ಗೇಮ್ ಹೋಯಿತು, ದುಡ್ಡು ಹೋಯಿತು, ಕೈಯಿಂದಲೂ ಹೋಯಿತು. ಆಗ ಅವರು ಆ ಕೀಗಳನ್ನು ರದ್ದು ಮಾಡುತ್ತಾರೆ. ಮೂರು ವಾರ ಆಡಿದ ಮೇಲೆ ತಮ್ಮನ ಗೇಮ್ ಮಾಯವಾದದ್ದಕ್ಕೆ ಇದೇ ಕಾರಣ ಅಂತ ನನ್ನ ಲೆಕ್ಕ.

[ತೆರೆಯ ಮೇಲೆ: 198 ಕೀ, 39,600 ಡಾಲರ್]

ಇದು ಊಹೆಯ ಕಥೆ ಅಲ್ಲ. ಫ್ಯಾಕ್ಟೋರಿಯೋ ಅನ್ನುವ ಗೇಮ್ ಮಾಡಿದ ವೂಬೆ, ಚೆಕ್ ದೇಶದ ಕಂಪನಿ. ಕದ್ದ ಕಾರ್ಡಿನಿಂದ ಕೊಂಡ ಫ್ಯಾಕ್ಟೋರಿಯೋ ಕೀಗಳು ಜಿ2ಎ ಅನ್ನುವ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಾಟವಾಗಿವೆ ಅಂತ ಅವರು ಹೇಳಿದರು. 2019ರಲ್ಲಿ ಜಿ2ಎ ಒಂದು ಸವಾಲು ಹಾಕಿತ್ತು: ಕದ್ದ ಕೀ ನಮ್ಮಲ್ಲಿ ಮಾರಾಟವಾದದ್ದು ಸಾಬೀತಾದರೆ, ಚಾರ್ಜ್‌ಬ್ಯಾಕ್‌ನಲ್ಲಿ ಹೋದ ಹಣದ ಹತ್ತು ಪಟ್ಟು ಕೊಡುತ್ತೇವೆ. ವೂಬೆ ಪಟ್ಟಿ ಕೊಟ್ಟಿತು. ಹುಡುಕಿದಾಗ 198 ಕೀಗಳು ಅಲ್ಲಿ ಮಾರಾಟವಾದದ್ದು ಹೊರಬಿತ್ತು. 2020ರಲ್ಲಿ ಜಿ2ಎ 39,600 ಡಾಲರ್ ಕಟ್ಟಿತು.

ಇನ್ನೊಂದು ಮಜಾ ಇದೆ. ಫ್ಯಾಕ್ಟೋರಿಯೋದವರು ಡಿಸ್ಕೌಂಟ್ ಕೊಡುವುದೇ ಇಲ್ಲ, ಅದು ಅವರ ನಿಯಮ. ಹಾಗಾದರೆ ಆ ಗೇಮ್ ಎಲ್ಲಾದರೂ "ಶೇ. 50 ಆಫ್" ಅಂತ ಕಂಡರೆ ನೀವೇ ಯೋಚನೆ ಮಾಡಿ.

ಗೇಮ್ ಮಾಡುವವರು ಸುಮ್ಮನೆ ಕೂತಿಲ್ಲ. ರಿವ್ಯೂ ಮಾಡುವವರಿಗೆ ಕೀ ಕಳಿಸುವ ಬದಲು ನೇರವಾಗಿ ಅವರ ಅಕೌಂಟ್‌ಗೇ ಗೇಮ್ ಕೊಡುವ ದಾರಿಯನ್ನು ಸ್ಟೀಮ್ 2017ರಲ್ಲಿ ತೆರೆಯಿತು. ಲೆಕ್ಕಕ್ಕೆ ಮೀರಿ ಕೀ ಕೇಳಿದರೆ ವಾಲ್ವ್ ಈಗ ಇಲ್ಲ ಅನ್ನಬಹುದು. ಕೀಯೇ ಹೊರಗೆ ಬರದಿದ್ದರೆ ಮಾರುವುದೇನನ್ನು?

[ದೃಶ್ಯ: ಕ್ಯಾಮೆರಾ ಮುಂದೆ ನಿರೂಪಕ]

ಈಗ ಚಿಕ್ಕಪ್ಪನ ಬಿಲ್ಲಿಗೆ ಬರೋಣ. ಹತ್ತಿ ಬೀಜ ಕೊಂಡರೆ ಬಿಲ್ಲು, ಖಾಲಿ ಪಾಕೀಟು ಎರಡನ್ನೂ ಬೆಳೆ ಕೈಗೆ ಬರುವವರೆಗೆ ಜೋಪಾನ ಮಾಡಿ ಅಂತ ನಮ್ಮ ಕಡೆ ಹೇಳುತ್ತಲೇ ಇರುತ್ತಾರೆ. ಬಿಲ್ ಇಲ್ಲದ ಬೀಜ ಮೊಳೆಯದಿದ್ದರೆ ಯಾರನ್ನು ಕೇಳುತ್ತೀರಿ? ತಮ್ಮನಿಗೂ ಹಾಗೇ ಆಯಿತು. ಆ ಸೈಟ್ "ಮಾರಿದವರು ಬೇರೆ, ನಾವು ಜಾಗ ಕೊಟ್ಟವರು ಮಾತ್ರ" ಅಂದಿತು. ಮಾರಿದವನ ಹೆಸರು ಬರೀ ಅಂಕಿ ಅಕ್ಷರಗಳ ಗೊಂಚಲು. ಸ್ಟೀಮ್ ಹತ್ತಿರ ಹೋದರೆ, ನಮ್ಮಲ್ಲಿ ಕೊಂಡದ್ದಲ್ಲ ಅಂತು. ಅವರದೂ ತಪ್ಪಲ್ಲ. ಸ್ಟೀಮ್‌ನಲ್ಲೇ ಕೊಂಡಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಹೊರಗಿನ ಕೀಗೆ ಆ ಸೌಲಭ್ಯ ಇಲ್ಲ.

ಹೊರಗೆ ಕೊಳ್ಳಲೇಬೇಡಿ ಅನ್ನುವುದಿಲ್ಲ. ಹಂಬಲ್ ಥರದ ಅಂಗಡಿಗಳು ಗೇಮ್ ಮಾಡಿದವರ ಒಪ್ಪಿಗೆಯಿಂದಲೇ ಮಾರುತ್ತವೆ. ಈಸ್ ದೇರ್ ಎನಿ ಡೀಲ್ ಅನ್ನುವ ಸೈಟ್‌ನಲ್ಲಿ ಅಂಥ ಅಧಿಕೃತ ಅಂಗಡಿಗಳ ಬೆಲೆ ಹೋಲಿಸಿ ನೋಡಬಹುದು. ಅಲ್ಲಿ ಕಾಣದ ಬೆಲೆ ಬೇರೆಲ್ಲೋ ಕಂಡರೆ ಕೈ ಹಿಂದೆ ತಗೊಳ್ಳಿ. "ಕೀ ಕೆಲಸ ಮಾಡದಿದ್ದರೆ ದುಡ್ಡು ವಾಪಸ್" ಅನ್ನುವ ಭರವಸೆಗೇ ಬೇರೆ ದುಡ್ಡು ಕೇಳುವ ಸೈಟ್ ಆದರಂತೂ ಆಯಿತು ಕಥೆ. ತಮ್ಮ ಸರಕನ್ನು ಅವರೇ ನಂಬುವುದಿಲ್ಲ ಅಂತಾಯಿತು, ಅಲ್ವಾ?

ಮತ್ತೆ, ಪೊಲೀಸರು, ಬ್ಯಾಂಕಿನವರು ಅಂತ ಹೇಳಿಕೊಂಡು ಯಾರಾದರೂ ಗಿಫ್ಟ್ ಕಾರ್ಡ್ ಕೋಡ್ ಕೇಳಿದರೆ ಫೋನ್ ಇಡಿ. ದುಡ್ಡು ಹೋಗಿಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಮ್ಮನ 850 ವಾಪಸ್ ಬರಲಿಲ್ಲ. ಜೂನ್ ಕೊನೆಗೆ ಸ್ಟೀಮ್‌ನಲ್ಲಿ ಸಮ್ಮರ್ ಸೇಲ್ ಬಂತು. ಅದೇ ಗೇಮನ್ನು ಯುಪಿಐನಲ್ಲಿ ದುಡ್ಡು ಕಟ್ಟಿ ಅಲ್ಲೇ ಕೊಂಡ. ಮನೆಯಲ್ಲಿ ಬಿತ್ತನೆಯ ಗದ್ದಲ. ಚಿಕ್ಕಪ್ಪ ಬಿಲ್ ಎಲ್ಲಿ ಅಂದರಂತೆ. ಇವನು ಮೊಬೈಲಲ್ಲಿ ಮೇಲ್ ತೋರಿಸಿದ.

"ಫೋನ್ ಕೆಟ್ರ ಏನ್ಮಾಡ್ತಿ? ಹೋಗು, ಝೆರಾಕ್ಸ್ ಅಂಗಡ್ಯಾಗ ಪ್ರಿಂಟ್ ತಗೊಂಬಾ" ಅಂದರಂತೆ. ಅದೀಗ ಬೀಜದ ಬಿಲ್ಲುಗಳ ಜೊತೆ ಅದೇ ಕಬ್ಬಿಣದ ಟ್ರಂಕಿನಲ್ಲಿದೆ.